ತುಕ್ಕಿನ ಪಾಠಾಂತರಗಳು

ನಾನು ವಾಸವಾಗಿರುವ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಕಾಫಿಯ ತೋಟವಿಲ್ಲ. ಕಾಫಿ ಕುಡಿಯದ ಮನೆಯೂ ಅಪರೂಪವೇ. ಅರಾಬಿಕ ಕಾಫಿ ಮೂಲತಃ ಇಥಿಯೋಪಿಯದ ಕಾಡಿನ ನೆರಳಲ್ಲಿ ಬೆಳೆಯುವ ಸಣ್ಣ ಮರ. ಅದರ ಬೆನ್ನು ಹತ್ತಿ ನಮ್ಮ ಮಲೆನಾಡಿಗೂ ಬಂದ ಶಿಲೀಂಧ್ರವೊಂದರ ವಿಚಾರವನ್ನು ಈಗ ಹೇಳಬೇಕೆಂದಿದ್ದೇನೆ. ಬೆಳೆಗಾರರು ಅದನ್ನು ಎಲೆ ತುಕ್ಕು ಎನ್ನುತ್ತಾರೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣುತ್ತದೆ; ಎಲೆ ಉದುರುತ್ತದೆ, ರೆಂಬೆ ಒಣಗುತ್ತದೆ; ವರ್ಷ ವರ್ಷವೂ ಹೀಗಾದರೆ ಗಿಡವೇ ಸೊರಗಿ ಸಾಯುತ್ತದೆ.

1869ರಲ್ಲಿ ಸಿಂಹಳದಲ್ಲಿ ಇದು ಗೋಚರಿಸಿತು. ಅಲ್ಲಿಯ ಕಾಫಿ ತೋಟಗಳೆಲ್ಲ ಎರಡು ದಶಕಗಳೊಳಗಾಗಿ ಅಳಿದು ಚಹಾ ತೋಟಗಳಾದವು. ಬೆನ್ನಿಗೇ ದಕ್ಷಿಣ ಭಾರತವೂ ಇದಕ್ಕೆ ತುತ್ತಾಯಿತು. 1911ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರ ತುಕ್ಕು ಹಿಡಿಯದ ಗಿಡಗಳನ್ನು ಆರಿಸಿದ. ಅವುಗಳ ಸಂತತಿಯೇ 'ಕೆಂಟ್ಸ್' ತಳಿ. ಎಲ್ಲರೂ ಅದನ್ನೇ ನೆಟ್ಟು ನೆಮ್ಮದಿಯಾಗಿರುವಾಗ ಅದರ ಎಲೆಗಳಲ್ಲೂ ಕಿತ್ತಳೆಯ ಹುಡಿ ಕಾಣಿಸಿತು!

ಗಿಡ ಬದಲಾಗಿರಲಿಲ್ಲ, ಬದಲಾದದ್ದು ತುಕ್ಕು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಮೇನ್ ಎಂಬ ವಿಜ್ಞಾನಿ 1932ರಲ್ಲಿ ಈ ಗುಟ್ಟನ್ನು ಜಗತ್ತಿಗೆ ತಿಳಿಸಿದ. ಕಣ್ಣಿಗೆ ಒಂದೇ ಆಗಿ ಕಾಣುವ ಈ ಶಿಲೀಂಧ್ರದಲ್ಲಿ ಬೇರೆ ಬೇರೆ ಕುಲಗಳಿವೆ. ಒಂದು ಕುಲಕ್ಕೆ ಮಣಿಯದ ಗಿಡ ಇನ್ನೊಂದಕ್ಕೆ ಮಣಿಯುತ್ತದೆ. ಇಂದು 50ಕ್ಕೂ ಹೆಚ್ಚು ಕುಲಗಳನ್ನು ಗುರುತಿಸಿದ್ದಾರೆ.

ಇಲ್ಲೊಂದು ಸೋಜಿಗವಿದೆ. ತುಕ್ಕಿನ ಹುಡಿಯ ಪ್ರತಿಯೊಂದು ಕಣವೂ ತಾಯಿಯ ನಕಲು. ಗಂಡುಹೆಣ್ಣಿನ ಕೂಟದಿಂದ ಹುಟ್ಟಿದ ಸಂತಾನ ಇದರಲ್ಲಿ ಸ್ಪಷ್ಟವಾಗಿ ಕಂಡುಬಂದಿಲ್ಲ. (ಗುಪ್ತವಾದ ಕೂಟವುಂಟೆಂದು 2011ರಲ್ಲಿ ಪೋರ್ಚುಗಲಿನ ಸಂಶೋಧಕರು ವಾದಿಸಿದ್ದಾರೆ.) ನಕಲಿನಿಂದ ಹೊಸತು ಹೇಗೆ ಹುಟ್ಟೀತು? ಗ್ರಂಥಸಂಪಾದನೆಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಇದು ಅಷ್ಟೇನೂ ಅರ್ಥವಾಗದ ಸಂಗತಿಯಲ್ಲ. ಓಲೆಗರಿಯನ್ನು ನೋಡಿ ನೋಡಿ ಬರೆಯುವ ಲಿಪಿಕಾರನ ಕೈ ಎಲ್ಲೋ ತಪ್ಪುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದೆ. ಅಂಥ ಪಾಠಾಂತರಗಳೇ ತುಕ್ಕಿನ ಕುಲಗಳು. ವ್ಯತ್ಯಾಸವೊಂದಿದೆ: ನಮ್ಮ ಲಿಪಿಕಾರ ಒಬ್ಬ, ಇಲ್ಲಿ ಒಂದೊಂದು ಎಲೆಯೂ ಲಕ್ಷಾಂತರ ಪ್ರತಿಗಳನ್ನು ಗಾಳಿಗೆ ತೂರುತ್ತದೆ. ಅವುಗಳಲ್ಲಿ ಹೆಚ್ಚಿನವು ವ್ಯರ್ಥ. ಆದರೆ ಬೆಟ್ಟವೆಲ್ಲ ಒಂದೇ ತಳಿಯನ್ನು ನೆಟ್ಟಿದ್ದರೆ, ಆ ತಳಿಯ ಬೀಗ ತೆರೆಯುವ ಒಂದೇ ಒಂದು ತಪ್ಪು ಪ್ರತಿ ಸಾಕು.

ಅತ್ತ ಕಾಫಿ ಗಿಡವಾದರೋ ತೀರಾ ಬಡಕುಟುಂಬದ್ದು. ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಬೀಜ ತಂದರೆಂಬ ಐತಿಹ್ಯವನ್ನು ಯಾರು ಕೇಳಿಲ್ಲ? ಸಂಖ್ಯೆ ಹೇಗಾದರೂ ಇರಲಿ, ಲೋಕದ ಬಹುಪಾಲು ಅರಾಬಿಕ ತೋಟಗಳು ಯೆಮೆನ್ ಮೂಲದ ಬೆರಳೆಣಿಕೆಯ ಗಿಡಗಳ ಸಂತಾನ.

ಹಾಗೆಂದು ವೈವಿಧ್ಯ ಕಡಿಮೆಯಿರುವ ರೋಗವೆಲ್ಲ ದುರ್ಬಲವೆಂದು ಭಾವಿಸಬೇಡಿ. ಯೂರೋಪಿನ ಆಶ್ ಮರಗಳನ್ನು ಕೊಲ್ಲುತ್ತಿರುವ ಶಿಲೀಂಧ್ರ ಪೂರ್ವ ಏಷ್ಯದಿಂದ ಬಂದದ್ದು. ಅದರ ಯೂರೋಪಿನ ಸಂತತಿ ಎರಡೇ ಪೂರ್ವಜರಿಂದ ಹುಟ್ಟಿರಬಹುದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಅಷ್ಟೇ ಬಂಡವಾಳದಿಂದ ಅದು ಒಂದು ಖಂಡದ ಕಾಡನ್ನೇ ನಡುಗಿಸಿದೆ.

ನಮ್ಮಲ್ಲಿ ಕೆಂಟ್ಸ್‌ನ ಸಂಕರದಿಂದ ಎಸ್. 795 ತಳಿ ಬಂತು. 1980ರ ದಶಕದಲ್ಲಿ ಕಾವೇರಿ ಬಂತು. ತುಕ್ಕು ಎರಡನ್ನೂ ಕ್ರಮೇಣ ಕಲಿತುಕೊಂಡಿತು. ಹಲವು ನಿರೋಧಕ ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವ ಯತ್ನ ಈಗ ನಡೆದಿದೆ. ಅದಕ್ಕೆ ಬೇಕಾದ ಸಂಪತ್ತಿನ ಒಂದು ಭಾಗ ಇಥಿಯೋಪಿಯದ ಕಾಡಿನಲ್ಲಿದೆ, ಆ ಕಾಡು ಕರಗುತ್ತಿದೆ. ಸದ್ಯಕ್ಕಂತೂ ಚಿಕ್ಕಮಗಳೂರಿನ ಸಣ್ಣ ಹಿಡುವಳಿದಾರ ಮುಂಗಾರಿಗೆ ಮುಂಚೆ ಮೈಲುತುತ್ತ, ಸುಣ್ಣಗಳ ದ್ರಾವಣ ಕಲಸಿಕೊಂಡು ಒಂದೊಂದೇ ಗಿಡದ ಎಲೆಯಡಿಗೆ ಸಿಂಪಡಿಸುತ್ತಿದ್ದಾನೆ.