ಮಣಿಬಳೆ ಮಾಡಿ, ಚೂರುಗಳು ಮಾತ್ರ ಕೊಟ್ಟಿಗೆಗೆ ಹೋಗದಿರಲಿ



ಮಣಿ ಪೋಣಿಸುವುದು ನಮ್ಮ ಕಾರವಾರ, ಅಂಕೋಲಾ ಭಾಗಕ್ಕೆ ಹೊಸತಲ್ಲ. ಹಾಲಕ್ಕಿ ಒಕ್ಕಲಿಗ ಮಹಿಳೆಯರ ಕೊರಳು ತುಂಬಿದ ಮಣಿಸರಗಳು ನಮಗೆಲ್ಲ ಗೊತ್ತು. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಸರಗಳನ್ನು ದೇಶವೇ ನೋಡಿತು. ಈಗ ಹೆಣ್ಣುಮಕ್ಕಳು ಇಲಾಸ್ಟಿಕ್ ದಾರದಲ್ಲಿ ಮಣಿಬಳೆ ಮಾಡಿಕೊಳ್ಳುತ್ತಾರೆ. ಮಳೆಗಾಲದ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ. ಆದರೆ ಮಣಿ ಪೋಣಿಸುವ ಜಗಲಿಗೂ ದನ ಕಟ್ಟುವ ಕೊಟ್ಟಿಗೆಗೂ ಹೆಚ್ಚು ದೂರವಿಲ್ಲ. ಅದಕ್ಕೇ ಈ ಬರಹ.

ಮಾಡುವ ಕ್ರಮ

ಮಣಿಕಟ್ಟಿನ ಸುತ್ತಳತೆ ತೆಗೆದುಕೊಂಡು ಒಂದೂವರೆ ಸೆಂ.ಮೀ. ಸೇರಿಸಿ. ಸುತ್ತಳತೆ 16 ಸೆಂ.ಮೀ. ಇದ್ದರೆ 8 ಮಿ.ಮೀ. ಗಾತ್ರದ ಮಣಿ ಸುಮಾರು 22 ಬೇಕು. ದಾರವನ್ನು 30 ಸೆಂ.ಮೀ. ಕತ್ತರಿಸಿ, ಪೋಣಿಸುವ ಮೊದಲೇ ನಾಲ್ಕೈದು ಸಲ ಮೆಲ್ಲಗೆ ಎಳೆದು ಬಿಡಿ. ಹಾಗೆ ಮಾಡದಿದ್ದರೆ ಬಳೆ ನಾಲ್ಕು ದಿನಕ್ಕೇ ಸಡಿಲವಾಗುತ್ತದೆ. ಒಂದು ತುದಿಗೆ ಬಟ್ಟೆಯ ಕ್ಲಿಪ್ ಹಾಕಿಕೊಂಡರೆ ಮಣಿ ಜಾರುವುದಿಲ್ಲ.

ಗಂಟೇ ಮುಖ್ಯ. ಮೊದಲ ಗಂಟಿನಲ್ಲಿ ದಾರವನ್ನು ಒಂದರ ಬದಲು ಎರಡು ಸುತ್ತು ಸುತ್ತಿ ಬಿಗಿಯಿರಿ. ಅದರ ಮೇಲೆ ಎದುರು ದಿಕ್ಕಿನಲ್ಲಿ ಇನ್ನೊಂದು ಗಂಟು ಹಾಕಿ. ದನದ ಗಾಯಕ್ಕೆ ಹೊಲಿಗೆ ಹಾಕುವಾಗ ನಾವು ಬಳಸುವುದೂ ಇದೇ ಗಂಟು. ಎರಡು ಸುತ್ತು ಇರುವುದರಿಂದ ಮೇಲಿನ ಗಂಟು ಬೀಳುವ ತನಕ ಕೆಳಗಿನದು ಸಡಿಲಾಗುವುದಿಲ್ಲ. ಒಂದು ಹನಿ ಅಂಟು ಹಾಕಿ, ಒಣಗಿದ ಮೇಲೆ ತುದಿ ಕತ್ತರಿಸಿ ಗಂಟನ್ನು ಮಣಿಯ ತೂತಿನೊಳಗೆ ಎಳೆದುಬಿಡಿ.

ದನಕ್ಕೆ ಏನು ಅಪಾಯ?

ದನ ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಗೆಯಿಂದ ಎಳೆದು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಕಸದ ಜೊತೆ ಗ್ವಾದಲಿಗೋ ಅಕ್ಕಚ್ಚಿಗೋ ಬಿದ್ದದ್ದು ನೇರ ಹೊಟ್ಟೆಗೆ ಹೋಗುತ್ತದೆ. ಇಲಾಸ್ಟಿಕ್, ಪ್ಲಾಸ್ಟಿಕ್ ಚೂರುಗಳು ಕರಗುವುದಿಲ್ಲ. ಮೊದಲ ಹೊಟ್ಟೆಯಲ್ಲೇ ಉಳಿದು, ಹೆಚ್ಚಾದರೆ ಉಂಡೆ ಕಟ್ಟುತ್ತವೆ.

ಸಣ್ಣ ಮಣಿ ಪೋಣಿಸಲು ಬಳಸುವ ಸೂಜಿ, ತಂತಿ ಇನ್ನೂ ಅಪಾಯ. ಇವು ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದರ ಮುಂದೆ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಂಡಿದಂತೆಲ್ಲ ಸೂಜಿ ಮುಂದಕ್ಕೆ ಚುಚ್ಚುತ್ತದೆ. ಗಬ್ಬದ ಕೊನೆಯ ದಿನಗಳಲ್ಲಿ ಕರುವಿನ ಭಾರಕ್ಕೆ ಇದು ಹೆಚ್ಚು.

ಈ ಲಕ್ಷಣಗಳನ್ನು ಗಮನಿಸಿ: ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲುವುದು, ಬೆನ್ನು ಬಾಗಿಸಿ ಮುಂಗಾಲು ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು. ಗಂಗೆದೊಗಲಿನಲ್ಲಿ ನೀರು ತುಂಬಿ ಬಾವು ಬಂದರೆ ಸೂಜಿ ಹೃದಯದವರೆಗೆ ಹೋಗಿರಬಹುದು. ಆಗ ಉಳಿಸುವುದು ಬಹಳ ಕಷ್ಟ. ಮೊದಲ ಲಕ್ಷಣ ಕಂಡಾಗಲೇ ಕರೆದರೆ ಆಯಸ್ಕಾಂತ ನುಂಗಿಸಿಯೋ ಶಸ್ತ್ರಚಿಕಿತ್ಸೆ ಮಾಡಿಯೋ ಉಳಿಸಲು ಸಾಧ್ಯವಿದೆ. ಅಜೀರ್ಣವೆಂದು ಮನೆಮದ್ದು ಕುಡಿಸುತ್ತ ದಿನ ಕಳೆಯಬೇಡಿ.

ಪಾಲಿಸಬೇಕಾದ್ದು

• ಅಂಚು ಎತ್ತರದ ಹರಿವಾಣದಲ್ಲಿ ಮಣಿ ಹರಡಿಕೊಂಡು ಕೆಲಸ ಮಾಡಿ. ನೆಲಕ್ಕೆ ಏನೂ ಉದುರದು.
• ಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಡಬ್ಬಿಗೆ ಹಾಕಿ. ಒಂದು ಕಡಿಮೆಯಾದರೆ ಸಿಗುವ ತನಕ ಆ ಜಾಗದ ಕಸ ಹೊರಗೆ ಹಾಕಬೇಡಿ.
• ಜಗಲಿ ಗುಡಿಸಿದ ಕಸವನ್ನು ಕೊಟ್ಟಿಗೆಗೆ ಹಾಸುವ ದರಕಿನ ಜೊತೆಗಾಗಲಿ, ಗೊಬ್ಬರದ ಗುಂಡಿಗಾಗಲಿ ಸೇರಿಸಬೇಡಿ. ದಾರದ ತುಂಡುಗಳಿಗೆ ಒಂದು ಡಬ್ಬಿ ಇಡಿ.
• ಹಾಲು ಕರೆಯುವ ಮೊದಲು ಬಳೆ ತೆಗೆದಿಟ್ಟು ಕೈ ತೊಳೆಯಿರಿ. ಮಣಿಗಳ ಸಂದಿಯಲ್ಲಿ ಸಗಣಿ, ಕೊಳೆ ನಿಲ್ಲುತ್ತದೆ. ದಾರ ಹರಿದರೆ ಮಣಿ ಬೀಳುವುದು ಹಾಲಿನ ಪಾತ್ರೆಗೆ.

ದನ ಮಂಕಾದರೆ ಅದೇ ದಿನ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮನೆಯಲ್ಲಿ ಸೂಜಿ ಕಳೆದುಹೋಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆ ಒಂದು ಮಾತಿನಿಂದ ಕಾಯಿಲೆ ಗುರುತಿಸುವುದು ಎಷ್ಟೋ ಬೇಗ ಆಗುತ್ತದೆ.