ಆಟಿಯ ಮಳೆಯಲ್ಲಿ ಮಗುವಿನ ಆಟ
ಆಟಿಯ ಮಳೆ ಹಿಡಿದರೆ ಕಾಸರಗೋಡಿನ ಮನೆಗಳಲ್ಲಿ ಎಳೆಯ ಮಕ್ಕಳಿಗೆ ಅಂಗಳವಿಲ್ಲ. ಆಗ ಹಿರಿಯರ ಕೈ ಮೊಬೈಲಿನತ್ತ ಹೋಗುತ್ತದೆ. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ಹೊಸ ಆಟಿಕೆಗಳನ್ನೂ ಕೊಳ್ಳಬೇಕಾಗಿಲ್ಲ. ಒಣಗಿದ ಅಡಿಕೆ ಹಾಳೆಯಲ್ಲಿ ಕೂರಿಸಿ ಜಗಲಿಯಲ್ಲಿ ಮೆಲ್ಲನೆ ಎಳೆದರೆ ಅದೇ ಬಂಡಿ. ಅಂಚು ನಯಗೊಳಿಸಿದ ಗೆರಟೆಗಳೇ ತಾಳ. ಲೋಟದೊಳಗೆ ಲೋಟವಿಡುತ್ತ ಮಗು ದೊಡ್ಡದು, ಚಿಕ್ಕದು ಎಂಬುದನ್ನು ಅರಿಯುತ್ತದೆ. ಮಂಜೊಟ್ಟಿ, ಹುಣಸೆಬೀಜಗಳು ಮಾತ್ರ ಗಂಟಲಲ್ಲಿ ಸಿಲುಕಬಹುದಾದ್ದರಿಂದ ದೂರವಿರಲಿ.

ಮನೆಮಾತು ತುಳು, ಕೊಂಕಣಿ ಯಾವುದಿದ್ದರೂ ಆಡಿಸುವವರು ಪ್ರತಿ ವಸ್ತುವಿನ ಕನ್ನಡ ಹೆಸರನ್ನೂ ಹೇಳಲಿ. ಬೀದಿಯಲ್ಲಿ ಮಲಯಾಳವೇ ಹೆಚ್ಚು ಕೇಳಿಸುವ ಊರಿನಲ್ಲಿ, ಮಗು ಕನ್ನಡ ಶಾಲೆಗೆ ಕೊಂಡೊಯ್ಯುವ ಮೊದಲ ಪದಸಂಪತ್ತು ಅದು.