ಗದ್ದೆಯಲ್ಲಿ ನಡೆದ ಹಾವು

ಸಿಂಧನೂರು ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಎರಡು ದಿನ ಶಾಲೆ ತಪ್ಪಿಸಿದ್ದ ಒಂಬತ್ತನೇ ತರಗತಿಯ ಹುಡುಗ ರಜಾ ಚೀಟಿ ತಂದ: ‘ವಾಕಿಂಗ್ ಇನ್ ದ ಪ್ಯಾಡಿ ಫೀಲ್ಡ್, ಎ ಸ್ನೇಕ್ ಬಿಟ್ ಮೈ ಫಾದರ್.’ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆಂದು ತಿಳಿದ ಮೇಲೆಯೇ ಚೀಟಿಯ ತಮಾಷೆಗೆ ಕೈ ಹಾಕಿದೆ.

‘ಗದ್ದ್ಯಾಗ ನಡಕೊಂತ ಹೊಂಟಿದ್ದು ಯಾರೋ?’

‘ನಮ್ಮಪ್ಪರೀ ಸರ.’

‘ನೀ ಬರದಿದ್ರಾಗ ಹಾವು ಹೊಂಟೈತಿ. ಅದಕ್ಕ ಕಾಲು ಯಾವಾಗ ಬಂದ್ವು?’

ಇಡೀ ತರಗತಿ ನಕ್ಕಿತು, ಅವನೂ ನಕ್ಕ.

ಆ ತಪ್ಪು ಬಂದದ್ದು ಅವನ ಒಳ್ಳೆಯ ಕನ್ನಡದಿಂದಲೇ. ‘ನಡೆಯುತ್ತಿದ್ದಾಗ ಹಾವು ಅಪ್ಪನನ್ನು ಕಚ್ಚಿತು’ ಎಂದರೆ ನಮ್ಮಲ್ಲಿ ಯಾರೂ ಹಾವಿಗೆ ಕಾಲು ಹುಡುಕುವುದಿಲ್ಲ. ‘ಆಗ’ ಸೇರಿದ ಕ್ರಿಯೆಯ ಕರ್ತೃ ಒಬ್ಬ, ಮುಂದಿನ ಕ್ರಿಯೆಯ ಕರ್ತೃ ಇನ್ನೊಬ್ಬನಾದರೂ ನಡೆಯುತ್ತದೆ. ‘ಗದ್ದೆಗೆ ಬಂದು ಹಾವು ಅಪ್ಪನನ್ನು ಕಚ್ಚಿತು’ ಎಂದರೆ ಹಾಗಲ್ಲ. ಬಂದದ್ದೂ ಕಚ್ಚಿದ್ದೂ ಹಾವೇ. ವಾಕ್ಯದ ತಲೆಯಲ್ಲಿ ಕೂರುವ ಇಂಗ್ಲಿಷಿನ ‘ವಾಕಿಂಗ್’ ಈ ‘ಬಂದು’ವಿನ ಜಾತಿಯದು. ಅಲ್ಪವಿರಾಮ ದಾಟಿದ ಕೂಡಲೇ ಸಿಗುವ ಕರ್ತೃವಿಗೆ ಜೋತುಬೀಳುತ್ತದೆ. ‘ವೈಲ್ ಮೈ ಫಾದರ್ ವಾಸ್ ವಾಕಿಂಗ್’ ಎಂದು ಬರೆಸಿದೆ. ನಡಿಗೆ ಅಪ್ಪನಿಗೆ ಮರಳಿತು.

ಕನ್ನಡದ ಪದಕ್ಕೆ ವಿಭಕ್ತಿಯ ಹಗ್ಗವಿದೆ. ‘ಅಪ್ಪನನ್ನು ಹಾವು’ ಎನ್ನಿ, ‘ಹಾವು ಅಪ್ಪನನ್ನು’ ಎನ್ನಿ, ಕಚ್ಚಿಸಿಕೊಂಡವನು ಅಪ್ಪನೇ. ಇಂಗ್ಲಿಷಿನ ಹೆಸರುಗಳಿಗೆ ಆ ಹಗ್ಗವಿಲ್ಲ. ಕೂತ ಜಾಗವೇ ವಿಭಕ್ತಿ. ‘ಓನ್ಲಿ’ ನೋಡಿ. ನಮ್ಮ ‘ಏ’ ತನ್ನ ಪದವನ್ನು ಬಿಟ್ಟು ಕದಲುವುದಿಲ್ಲ: ‘ನಾನೇ ಮಾರಿದೆ’, ‘ಹತ್ತಿಯನ್ನೇ ಮಾರಿದೆ’, ‘ಲಿಂಗಸುಗೂರಿನಲ್ಲೇ ಮಾರಿದೆ’. ‘ಐ ಓನ್ಲಿ ಸೋಲ್ಡ್ ಕಾಟನ್ ಇನ್ ಲಿಂಗಸುಗೂರ್’ ಎಂದರೆ ಇವುಗಳಲ್ಲಿ ಕೊನೆಯ ಎರಡರಲ್ಲಿ ಯಾವುದು ಎಂದು ಕೇಳುವವರೇ ಊಹಿಸಬೇಕು. ‘ಓನ್ಲಿ ಇನ್ ಲಿಂಗಸುಗೂರ್’ ಎಂದರೆ ಮುಗಿಯಿತು.

ಇನ್ನೊಂದು ಜಾತಿಯ ತಪ್ಪಿಗೆ ನಾನು ‘ಮಸ್ಕಿ ಬಸ್ಸು’ ಎಂದು ಹೆಸರಿಟ್ಟಿದ್ದೆ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವಿನ ಊರು ಮಸ್ಕಿ. ಅಲ್ಲಿ ಬೋರ್ಡಿಲ್ಲದ ಬಸ್ಸು ನಿಂತಿದ್ದರೆ ಅದು ಯಾವ ಕಡೆಯದೋ ಗೊತ್ತಾಗುವುದಿಲ್ಲ. ‘ಸ್ಟೂಡೆಂಟ್ಸ್ ಹೂ ಪ್ರ್ಯಾಕ್ಟೀಸ್ ಆಫನ್ ಪಾಸ್’ ಎಂಬಲ್ಲಿ ‘ಆಫನ್’ ಅಂಥ ಬಸ್ಸು. ಪದೇ ಪದೇ ಅಭ್ಯಾಸ ಮಾಡುವವರೋ, ಅಭ್ಯಾಸ ಮಾಡಿ ಹಲವು ಸಲ ಪಾಸಾಗುವವರೋ?

ಸರ್ವನಾಮದ ತೊಡಕು ಇದಕ್ಕಿಂತ ದೊಡ್ಡದು. ‘ರಾಮ ಟೋಲ್ಡ್ ಭೀಮ ದಟ್ ಹಿ ಹ್ಯಾಡ್ ಪಾಸ್ಡ್.’ ಪಾಸಾದವನು ಯಾರು? ‘ತಾನು ಪಾಸಾಗಿದ್ದೇನೆಂದು ರಾಮ ಭೀಮನಿಗೆ ಹೇಳಿದ’ ಎಂದರೆ ನಮ್ಮಲ್ಲಿ ಅನುಮಾನವೇ ಇಲ್ಲ. ‘ತಾನು’ ಎಂಬ ಆ ಪದ ಇಂಗ್ಲಿಷಿನ ಬಳಿ ಇಲ್ಲ. ಎಲ್ಲ ಭಾರವೂ ಒಂದೇ ‘ಹಿ’ ಮೇಲೆ.

ಈ ಪಾಠಕ್ಕೆ ಮಕ್ಕಳನ್ನು ಮಸ್ಕಿಯ ಅಶೋಕ ಶಾಸನದ ಹತ್ತಿರ ಕರೆದೊಯ್ಯುತ್ತಿದ್ದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದುಗಳಷ್ಟೇ. ಒಡೆಯ ಗೊತ್ತಿಲ್ಲದ ‘ಹಿ’ಯ ಹಾಗೆಯೇ. ಅವು ಯಾರವು? ಮೊದಲು ಸಿಂಹಳದ ಅರಸನವು ಎಂದುಕೊಂಡ. ಸಿಂಹಳದ ಇತಿವೃತ್ತಗಳನ್ನು ಬಲ್ಲ ಜಾರ್ಜ್ ಟರ್ನರ್ ಅಶೋಕನವು ಎಂದು ತೋರಿಸಿಕೊಟ್ಟ. ಆದರೂ ಆ ಹೆಸರು ಹೊತ್ತ ಶಾಸನವೊಂದು ಬೇಕಿತ್ತು. 1915ರಲ್ಲಿ ಚಿನ್ನದ ಹುಡುಕಾಟದಲ್ಲಿದ್ದ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿತ್ತು: ‘ದೇವಾನಂಪಿಯಸ ಅಸೋಕಸ’. ಬಿರುದಿನ ಪಕ್ಕದಲ್ಲೇ ಹೆಸರು, ಎರಡಕ್ಕೂ ಒಂದೇ ‘ಸ’ ಪ್ರತ್ಯಯ. ಮುಂದೆ ಬೇರೆ ಕಡೆಯೂ ಅಶೋಕನ ಹೆಸರಿನ ಶಾಸನಗಳು ದೊರೆತವು. ಮೊದಲು ಹೇಳಿದ್ದು ನಮ್ಮ ಕಲ್ಲು.

‘ಹಿ ಮ್ಯಾಲ ಒಂದು ಬೆರಳಿಡ್ರಿ, ಅದರ ಹೆಸರಿನ ಮ್ಯಾಲ ಇನ್ನೊಂದು ಬೆರಳಿಡ್ರಿ. ಎರಡು ಹೆಸರು ಸಿಕ್ಕರ ಹಿ ಅಳಿಸಿ ಹೆಸರು ಬರೀರಿ’ ಎನ್ನುತ್ತಿದ್ದೆ. ಹಾವಿನ ಹುಡುಗ ಇದನ್ನು ಚೆನ್ನಾಗಿಯೇ ಹಿಡಿದುಕೊಂಡ. ಅವನ ಮುಂದಿನ ರಜಾ ಚೀಟಿಯ ಮೂರು ಸಾಲಿನಲ್ಲಿ ನಾಲ್ಕು ಸಲ ‘ಮೈ ಫಾದರ್’ ಇತ್ತು, ‘ಹಿ’ ಒಂದೂ ಇರಲಿಲ್ಲ. ನಾನು ಕೆಂಪು ಪೆನ್ನು ಜೇಬಿನಲ್ಲೇ ಇಟ್ಟೆ.